ಖಂಡೆ ಪೂಜೆಗೆ ಕುಳಿತ ಅಕ್ಕೋರು

ಮನೆಗೆ ಬೀಗ ಹಾಕಿದ ಮೇಲೆ ಅದನ್ನು ಒಮ್ಮೆ ಜಗ್ಗಿ ನೋಡದೆ ಹೊರಟ ಮನುಷ್ಯನನ್ನು ನಾನು ಈವರೆಗೆ ಕಂಡಿಲ್ಲ. ಕೆಲವರು ಒಂದೇ ಸಲ ಜಗ್ಗಿ ಸಮಾಧಾನಪಡುತ್ತಾರೆ. ಕೆಲವರು ಜಗ್ಗಿ, ಓಣಿಯ ತಿರುವಿನವರೆಗೆ ಹೋಗಿ, ಜಗ್ಗಿದೆನೋ ಇಲ್ಲವೋ ಎಂದು ಮತ್ತೆ ಬಂದು ಜಗ್ಗುತ್ತಾರೆ. ಇನ್ನು ಕೆಲವರಿಗೆ ಬೀಗದ ನೆನಪಾಗುವುದು ಬಸ್ಸು ಊರು ದಾಟಿದ ಮೇಲೆ. ಆಗ ಅವರು ಪಕ್ಕದಲ್ಲಿ ಕುಳಿತ ಹೆಂಡತಿಯ ಮುಖ ನೋಡುತ್ತಾರೆ. ಆಕೆ ಅಷ್ಟರಲ್ಲಿ ಗ್ಯಾಸಿನ ಸಿಲಿಂಡರ್ ನೆನೆಸಿಕೊಂಡು ಗಂಡನ ಮುಖ ನೋಡುತ್ತಿರುತ್ತಾಳೆ. ನಾನು ಈ ಮೂರನೆಯ ಪಂಗಡದವನು. ಉಳಿದವರಿಗೂ ನನಗೂ ಇರುವ ವ್ಯತ್ಯಾಸ ಇಷ್ಟೇ: ಅವರು ಪುಕ್ಕಟೆಯಾಗಿ ಅನುಮಾನಪಡುತ್ತಾರೆ, ನನ್ನ ಅನುಮಾನಕ್ಕೆ ಸರಕಾರ ಸಂಬಳ ಕೊಡುತ್ತದೆ. ನಾನು ಜೈಲರ್.

ಜೈಲರ್ ಎಂದ ಕೂಡಲೇ ಜನ ನನ್ನ ಮೀಸೆ ಹುಡುಕುತ್ತಾರೆ. ಇಜೇರಿಯಲ್ಲಿ ನಮ್ಮ ಸಂಬಂಧಿಕರ ಮದುವೆಗೆ ಹೋದಾಗ ಪಂಕ್ತಿಯಲ್ಲಿ ಪಕ್ಕಕ್ಕೆ ಕುಳಿತ ಹಿರಿಯರೊಬ್ಬರು ನನ್ನ ಉದ್ಯೋಗ ಕೇಳಿ ತಿಳಿದುಕೊಂಡು, ನನ್ನನ್ನು ಮೇಲಿಂದ ಕೆಳಗೆ ನೋಡಿ, ಇರಲಿ ಬಿಡಿ, ಸರಕಾರಿ ನೌಕರಿ ಅಂತೂ ಹೌದಲ್ಲ ಎಂದು ಸಮಾಧಾನ ಹೇಳಿ ನನ್ನ ಎಲೆಗೆ ಇನ್ನೊಂದು ಹೋಳಿಗೆ ಹಾಕಿಸಿದರು. ನನ್ನ ಜೈಲೂ ನನ್ನ ಹಾಗೆಯೇ ಸಣ್ಣದು. ಎರಡು ಬ್ಯಾರಕ್, ಒಂದು ಅಡಿಗೆಮನೆ, ಸುತ್ತ ಹಳೆಯ ಕಲ್ಲಿನ ಗೋಡೆ, ಹೊರಬಾಗಿಲ ಮುಂದೆ ಒಂದು ಬೇವಿನ ಗಿಡ. ಆಳಂದ, ಅಫಜಲಪುರ, ಜೇವರ್ಗಿ ಈ ಮೂರೂ ಕಡೆ ನಾನು ಬಿಸಿಲು ಕಂಡವನು. ಈಗ ಹೇಳುವುದು ಯಾವ ಊರಲ್ಲಿ ನಡೆದದ್ದು ಎಂದು ಮಾತ್ರ ಹೇಳುವುದಿಲ್ಲ. ಇನ್ನೂ ನಿವೃತ್ತಿಯಾಗಿಲ್ಲ.

ನಮ್ಮಲ್ಲಿ ಮೊದಲಿನಿಂದಲೂ ಸುರಕ್ಷತೆಯ ತಪಾಸಣೆ ಎಂಬುದು ಇತ್ತು. ಹೆಡ್ ವಾರ್ಡರ್ ಬಸಣ್ಣ ಮರದ ಕೊಡತಿ ಹಿಡಿದುಕೊಂಡು ಕಿಟಕಿಯ ಸರಳುಗಳನ್ನು ಒಂದೊಂದಾಗಿ ಬಡಿಯುತ್ತಾ ಹೋಗುವುದು, ಸರಳು ಗಟ್ಟಿಯಿದ್ದರೆ ಒಂದು ನಾದ, ಯಾರಾದರೂ ಬುಡ ಸಡಿಲಿಸಿದ್ದರೆ ಇನ್ನೊಂದು ನಾದ. ವಾರ್ಡರ್ ಚಾಂದಸಾಬ್ ಹಿಂದಿನಿಂದ ಬೀಗಗಳನ್ನು ಜಗ್ಗುತ್ತಾ ಬರುವುದು. ಇಬ್ಬರೂ ಬಂದು ನನ್ನ ಮೇಜಿನ ಮುಂದೆ ನಿಂತು "ಎಲ್ಲಾ ಬರೋಬ್ಬರಿ ಅದರಿ" ಎನ್ನುವುದು. ನಾನು ತಲೆಯಾಡಿಸಿ, ಅವರು ಹೋದ ಮೇಲೆ ಎದ್ದು ಹೋಗಿ ಹೊರಬಾಗಿಲ ಬೀಗ ಇನ್ನೊಮ್ಮೆ ಜಗ್ಗಿ ಬರುವುದು. ಹೀಗೆ ಸುಖವಾಗಿದ್ದ ನಮ್ಮ ಸಂಸಾರಕ್ಕೆ ಮೇಲಿನಿಂದ ಒಂದು ಫೋನು ಬಂತು. ಕರೆ ಅಲ್ಲ, ಫೋನೇ. ಅದರಲ್ಲಿ ತಪಾಸಣೆಯ ಆ್ಯಪು ತುಂಬಿಸಿ ಕಳಿಸಿದ್ದರು. ಯಾವ ಹೊತ್ತಿಗೆ ಏನು ನೋಡಬೇಕು ಎಂಬುದನ್ನು ಇನ್ನು ಮೇಲೆ ಅದೇ ಹೇಳುತ್ತದೆ. ಸರಳು, ಬೀಗ, ವಿದ್ಯುತ್ ತಂತಿ, ಅಡಿಗೆಮನೆಯ ಗ್ಯಾಸ್, ಬೆಂಕಿ ಆರಿಸುವ ಕೆಂಪು ಸಿಲಿಂಡರ್, ಮಾಳಿಗೆಯ ಮೇಲಿನ ನೀರಿನ ಟಾಕಿಯ ಮುಚ್ಚಳ. ನೋಡಿ, ಫೋಟೋ ತೆಗೆದು ಕಳಿಸಿದರೆ ಪರದೆ ಹಸಿರು. ತಡ ಮಾಡಿದರೆ ಹಳದಿ. ತಪ್ಪಿಸಿದರೆ ಕೆಂಪು. ಆ ಕೆಂಪು ನಮಗೆ ಮಾತ್ರ ಕಾಣುವುದಿಲ್ಲ, ಕಲಬುರಗಿಯಲ್ಲಿ ಕುಳಿತ ದೊಡ್ಡ ಸಾಹೇಬರ ಗೋಡೆಯ ಮೇಲೂ ಕಾಣುತ್ತದೆ.

ಆ ಫೋನು ಮಾತಾಡುತ್ತಿತ್ತು. ಹೊತ್ತಾಯಿತೆಂದರೆ ಒಬ್ಬ ಹೆಣ್ಣುಮಗಳ ದನಿ, ಪಾಠ ಓದಿದಷ್ಟು ಶುದ್ಧವಾಗಿ, "ದಯವಿಟ್ಟು ತಪಾಸಣೆ ಕೈಗೊಳ್ಳಿ" ಎನ್ನುತ್ತಿತ್ತು. ಮೊದಲ ದಿನ ಅದನ್ನು ಕೇಳಿದ ಬಸಣ್ಣ ತಟ್ಟನೆ ಎದ್ದುನಿಂತು ಅಂಗಿಯ ಗುಂಡಿ ಹಾಕಿಕೊಂಡ. ತಾನು ಮೂರನೆಯ ಇಯತ್ತೆಯಲ್ಲಿದ್ದಾಗ ಪಾಠ ಹೇಳುತ್ತಿದ್ದ ಅಕ್ಕೋರ ದನಿ ಥೇಟ್ ಹೀಗೆಯೇ ಇತ್ತಂತೆ, ಅವರೂ ದಯವಿಟ್ಟು ಅಂದೇ ಹೊಡೆಯುತ್ತಿದ್ದರಂತೆ. ಅಂದಿನಿಂದ ಫೋನಿಗೆ ಅಕ್ಕೋರು ಎಂದೇ ಹೆಸರಾಯಿತು. "ಅಕ್ಕೋರು ಕರ್ಯಾಕತ್ತಾರ್ರಿ," "ಅಕ್ಕೋರು ಹಳದಿ ಆಗ್ಯಾರ್ರಿ," ಹೀಗೆ. ಕೈದಿಗಳೂ ಹಾಗೆಯೇ ಕರೆಯತೊಡಗಿದರು. ಹೊರಗಿನವರು ಕೇಳಿದರೆ ನಮ್ಮ ಜೈಲಿಗೆ ಯಾರೋ ಕಟ್ಟುನಿಟ್ಟಿನ ಮಹಿಳಾ ಅಧಿಕಾರಿ ಬಂದಿದ್ದಾರೆಂದೇ ತಿಳಿಯಬೇಕು.

ಅಕ್ಕೋರು ಕೆಟ್ಟವರಲ್ಲ, ಹಟದವರು. ಒಮ್ಮೆ ನೀರಿನ ಟಾಕಿಯ ಮುಚ್ಚಳದ ಪಕ್ಕ ಸಿಬ್ಬಂದಿಯೊಬ್ಬರು ನಿಂತಿರುವ ಫೋಟೋ ಬೇಕೆಂದರು. ಬಸಣ್ಣನ ಮೊಳಕಾಲು ಮಾಳಿಗೆಯ ಏಣಿಗೆ ಒಪ್ಪುವುದಿಲ್ಲ. ಚಾಂದಸಾಬ್ ಹತ್ತಿದ. ಅವನು ಮುಚ್ಚಳದ ಫೋಟೋ ಒತ್ತುವ ಹೊತ್ತಿಗೆ ಒಂದು ಮಂಗ ಬಂದು ಟಾಕಿಯ ಮೇಲೆ ಕುಳಿತಿತು. ಅಕ್ಕೋರು ಒಂದು ಕ್ಷಣ ಯೋಚಿಸಿ, ಸಿಬ್ಬಂದಿ ಹಾಜರಿದ್ದಾರೆ ಎಂದು ಒಪ್ಪಿಕೊಂಡು ಹಸಿರಾದರು. ಆ ಮಂಗ ಯಾರ ಹಾಗೆ ಕಂಡಿರಬಹುದು ಎಂಬ ಬಗ್ಗೆ ಜೈಲಿನಲ್ಲಿ ಎರಡು ಅಭಿಪ್ರಾಯಗಳಿದ್ದವು, ನನ್ನ ಮುಂದೆ ಯಾರೂ ಬಾಯಿ ಬಿಡಲಿಲ್ಲ.

ಮನೆಯಲ್ಲೂ ಅಕ್ಕೋರ ನೆರಳು ಬಿದ್ದಿತು. ಊಟಕ್ಕೆ ಕುಳಿತಾಗ ನನ್ನ ಕೈ ತಾನಾಗಿ ಜೇಬಿಗೆ ಹೋಗುತ್ತಿತ್ತು. ನಮ್ಮ ಮನೆಯವರು ಒಂದು ದಿನ ರೊಟ್ಟಿ ಬಡಿಯುತ್ತಾ, "ನಿಮ್ಮ ಅಕ್ಕೋರಿಗೆ ಹೇಳಿ ಹಿತ್ತಲ ಬಾಗಿಲಿಂದೂ ಒಂದು ಹೊತ್ತು ಗೊತ್ತು ಮಾಡಸ್ರಿ. ನಾ ಹೇಳಿದ್ರ ಹಾಕಂಗಿಲ್ಲ, ಅವರು ಹೇಳಿದ್ರ ಓಡಿ ಹೋಗಿ ಹಾಕ್ತೀರಿ" ಅಂದರು. ನಾನು ಅದು ಬರೀ ಯಂತ್ರ ಎಂದೆ. ಯಂತ್ರ ಅಂತ ಗೊತ್ತಿದ್ದೂ ಹೆದರುವವರನ್ನು ನೋಡಿದ್ದು ಇದೇ ಮೊದಲು ಎಂದರು.

ಇಷ್ಟರಲ್ಲಿ ಮಲ್ಲಪ್ಪನ ವಿಷಯ ಹೇಳಬೇಕು. ಮಲ್ಲಪ್ಪ ನಮ್ಮಲ್ಲಿದ್ದ ವಿಚಾರಣಾಧೀನ ಕೈದಿ. ಬಾವಿಯ ನೀರಿನ ಪಾಳಿಗಾಗಿ ದಾಯಾದಿಯ ಜೊತೆ ಜಗಳವಾಗಿ, ಮಾತು ಕೈಗೆ ಬಂದು, ಕೈ ಗುದ್ದಲಿಗೆ ಹೋಗಿ, ದಾಯಾದಿಯ ಭುಜ ಮುರಿದು ಒಳಗೆ ಬಂದಿದ್ದ. ಜಾಮೀನಿನ ದಾರಿ ಕಾಯುತ್ತಾ ನಮ್ಮ ಅಡಿಗೆಮನೆ ಸೇರಿಕೊಂಡಿದ್ದ. ಗಂಡಸು ಅಷ್ಟು ತೆಳ್ಳಗೆ ಜೋಳದ ರೊಟ್ಟಿ ಬಡಿಯುವುದನ್ನು ನಾನು ಬೇರೆಲ್ಲೂ ನೋಡಿಲ್ಲ. ಅವನು ಒಳಗೆ ಬಂದಾಗ ಹೆಂಡತಿ ಮಹಾದೇವಿ ತುಂಬಿದ ಗರ್ಭಿಣಿ. ಆಮೇಲೆ ಮಾದನಹಿಪ್ಪರಗಾದ ತವರಿನಲ್ಲಿ ಹೆರಿಗೆಯಾಯಿತು, ಹೆಣ್ಣು ಕೂಸು, ತಾಯಿ ಮಗು ಆರಾಮ ಎಂದು ಸುದ್ದಿ ಬಂತು. ಅಂದು ಮಲ್ಲಪ್ಪ ಎಲ್ಲರಿಗೂ ಒಂದೊಂದು ರೊಟ್ಟಿ ಹೆಚ್ಚು ಹಾಕಿದ. ಕೂಸಿನ ಮುಖ ಮಾತ್ರ ಅವನು ನೋಡಿರಲಿಲ್ಲ. ಬಾಣಂತಿಯನ್ನು ಹೊರಗೆ ಕಳಿಸಲು ತವರಿನವರು ಒಪ್ಪಿರಲಿಲ್ಲ.

ಕೊನೆಗೆ ದಸರೆಯ ದಶಮಿಯ ದಿನಕ್ಕೆ ಮುಲಾಖತ್ ಗೊತ್ತಾಯಿತು. ಮುಲಾಖತ್ ಎಂದರೆ ಕೈದಿಯನ್ನು ಮನೆಯವರು ಬಂದು ನೋಡಿ ಹೋಗುವುದು. ಹಬ್ಬದ ದಿನ ಅದು ಇರುವುದಿಲ್ಲ. ಆ ವರ್ಷ ಮೇಲಿನವರು ದೊಡ್ಡ ಮನಸ್ಸು ಮಾಡಿ ಒಪ್ಪಿಗೆ ಕೊಟ್ಟಿದ್ದರು. ಮಹಾದೇವಿ ಕೂಸನ್ನು ಕರೆದುಕೊಂಡು ಮುಂಜಾನೆಯ ಬಸ್ಸಿಗೆ ಬರುವವಳು, ಮಧ್ಯಾಹ್ನದ ಬಸ್ಸಿಗೆ ತಾಯಿಯ ಜೊತೆ ಸೊಲ್ಲಾಪುರಕ್ಕೆ ಹೋಗುವವಳು. ಅಲ್ಲಿ ಅವಳ ಅಣ್ಣ ಚಾದರದ ಗಿರಣಿಯಲ್ಲಿ ಕೆಲಸಕ್ಕಿದ್ದ. ಹೋದರೆ ಸಂಕ್ರಾಂತಿಯ ತನಕ ಈ ಕಡೆ ಬರುವ ಹಾಗಿಲ್ಲ. ಆದ್ದರಿಂದ ಮಲ್ಲಪ್ಪನಿಗೆ ಅದೊಂದೇ ಮುಂಜಾನೆ. ಅವನು ದಸರೆಗೆ ಇನ್ನೂ ವಾರ ಇರುವಾಗಲೇ ಬಸಣ್ಣನ ಬಳಿ ದಾಡಿ ಮಾಡಿಸಲು ಗೋಗರೆದ. ಈಗ ಮಾಡಿಸಿದರೆ ಅಷ್ಟರಲ್ಲಿ ಮತ್ತೆ ಬೆಳೆಯುತ್ತದೆ ಎಂದು ಬಸಣ್ಣ ತಿಳಿಸಿ ಹೇಳಬೇಕಾಯಿತು. ರೊಟ್ಟಿಗಳು ಆ ವಾರವೆಲ್ಲ ಒಂದು ಮಗ್ಗುಲು ಕರಿಕಾಗಿ ಇನ್ನೊಂದು ಮಗ್ಗುಲು ಹಸಿಯಾಗಿ ಬಂದವು. ಯಾರೂ ದೂರಲಿಲ್ಲ.

ದಶಮಿಯ ಹಿಂದಿನ ದಿನ ನವಮಿ, ಖಂಡೆ ಪೂಜೆ. ನಮ್ಮ ಕಡೆ ಅಂದು ಯಾರ ಕೈಯಲ್ಲಿ ಯಾವ ಸಲಕರಣೆ ಅನ್ನ ಹಾಕುತ್ತದೋ ಅದಕ್ಕೆ ಪೂಜೆ. ರೈತನಿಗೆ ಕೂರಿಗೆ ಕುಡಗೋಲು, ಡ್ರೈವರನಿಗೆ ಸ್ಟಿಯರಿಂಗು, ಹಜಾಮರಿಗೆ ಕತ್ತರಿ. ನಮಗೆ ಬೀಗ, ಕೊಡತಿ, ಲಾಠಿ, ಸೀಟಿ. ಒಂದು ನೇಮ ಮಾತ್ರ ಕಟ್ಟುನಿಟ್ಟು: ಪೂಜೆಗೆ ಕೂರಿಸಿದ್ದನ್ನು ಮರುದಿನ ನೈವೇದ್ಯ ಮಾಡಿ ಇಳಿಸುವವರೆಗೆ ಮುಟ್ಟಬಾರದು. ಅಂದು ಅವುಗಳಿಗೆ ವಿಶ್ರಾಂತಿ. ಜೈಲಿಗೆ ವಿಶ್ರಾಂತಿ ಕೊಡಲು ಬರುವುದಿಲ್ಲವಲ್ಲ, ಅದಕ್ಕೆ ಬಸಣ್ಣ ಜಾಣತನದ ಏರ್ಪಾಡು ಮಾಡಿಕೊಂಡಿದ್ದ. ಹಳೆಯ ಬೀಗ, ಹಳೆಯ ಕೊಡತಿ, ಮೊಂಡಾದ ಲಾಠಿ ಪೂಜೆಗೆ. ಹೊಸವು ಕೆಲಸಕ್ಕೆ, ಅವಕ್ಕೆ ಬರೀ ಒಂದು ಬೊಟ್ಟು ಕುಂಕುಮ. ಹೂವಿನ ಮಾಲೆ ಕಟ್ಟುವುದು ಚಾಂದಸಾಬ್. ಅವನ ಅಬ್ಬಾ ಕೂಡ ಇದೇ ಜೈಲಿನಲ್ಲಿ ವಾರ್ಡರ್ ಆಗಿದ್ದವನು, ಚೆಂಡುಹೂವಿನ ಮಾಲೆಯ ಕೆಲಸ ಅವರ ಮನೆತನಕ್ಕೆ ಬಂದದ್ದು.

ಮೇಜಿನ ಮೇಲೆ ಹಸಿರು ಖಣ ಹಾಸಿ ಎಲ್ಲವನ್ನೂ ಇಟ್ಟಾದ ಮೇಲೆ ಬಸಣ್ಣ ನನ್ನ ಕಡೆ ತಿರುಗಿದ. "ಅಕ್ಕೋರ್ನೂ ಕೂಡ್ರಸೂಣೇನ್ರಿ? ಈಗ ನಮ್ಮ ಅನ್ನ ಅವರ ಕೈಯಾಗ ಅದ" ಅಂದ. ತರ್ಕದಲ್ಲಿ ತಪ್ಪಿರಲಿಲ್ಲ. ಆದರೆ ನಿಜ ಹೇಳುತ್ತೇನೆ, ನಾನು ತರ್ಕದ ಗೊಡವೆಗೇ ಹೋಗಲಿಲ್ಲ. ಒಂದು ಇಡೀ ದಿನ ಆ ಫೋನು ನನ್ನ ಜೇಬಿನಲ್ಲಿರುವುದಿಲ್ಲ ಎಂಬ ಒಂದೇ ಆಸೆಗೆ, ಕೂಡ್ರಸು ಕೂಡ್ರಸು, ನಡುವಿಗೇ ಕೂಡ್ರಸು ಎಂದೆ. ಬಸಣ್ಣ ಅಕ್ಕೋರಿಗೆ ಮೂರೆಳೆ ವಿಭೂತಿ ಹಚ್ಚಿದ, ಅರಿಸಿನ ಕುಂಕುಮ ಏರಿಸಿದ, ಮೇಲೆ ಮಾಲೆ ಹಾಕಿದ. ಕಾಯಿ ಒಡೆದು ಅದರ ನೀರನ್ನು ಎಲ್ಲದರ ಮೇಲೂ ಚಿಮುಕಿಸಿದ. ನಾವು ಮಂಗಳಾರತಿಗೆ ಕೈ ಮುಗಿದು ಕಣ್ಣು ಮುಚ್ಚಿದ ಗಳಿಗೆಗೆ ಸರಿಯಾಗಿ ಚೆಂಡುಹೂವಿನ ಒಳಗಿಂದ ದನಿ ಬಂತು: ದಯವಿಟ್ಟು ತಪಾಸಣೆ ಕೈಗೊಳ್ಳಿ.

ಎಲ್ಲದಕ್ಕೂ ಜೋಡಿ ಇತ್ತು, ಅಕ್ಕೋರಿಗೆ ಜೋಡಿ ಇರಲಿಲ್ಲ ಎಂಬುದು ನನಗೆ ಆಗ ಹೊಳೆಯಿತು. ಆ ಆ್ಯಪು ಇದ್ದದ್ದು ಆ ಒಂದೇ ಫೋನಿನಲ್ಲಿ. ನಾನು ಮೆಲ್ಲಗೆ ಕೈ ಚಾಚಿದೆ. ಬಸಣ್ಣ ನನ್ನ ಕೈಯನ್ನು ನೋಡಿದ ಅಷ್ಟೇ. ಕೈ ಹಿಂದಕ್ಕೆ ಬಂತು. ಆಮೇಲೆ ಚಾಂದಸಾಬನನ್ನು ಬದಿಗೆ ಕರೆದು, ನಿನಗೆ ಈ ನೇಮ ಹತ್ತುವುದಿಲ್ಲವಲ್ಲ, ನೀನಾದರೂ ಎತ್ತಿಕೊಡು ಎಂದು ಕೇಳಿದೆ. ಅವನಿಗೆ ನನ್ನ ಮಾತಿನಿಂದ ಬೇಸರವೇ ಆಯಿತು. "ಖಂಡೇಕ್ಕ ಕೂಡ್ರಸಿದ್ದು ನಮ್ಮ ಅಬ್ಬಾ ಎಂದೂ ಎತ್ತಿಲ್ರಿ ಸಾಬ್. ನಾ ಹ್ಯಾಂಗ ಎತ್ತಲಿ?" ಅಂದ. ಸರಿ, ತಪಾಸಣೆಯನ್ನು ನಾವು ಬಿಡಲಿಲ್ಲ. ಹೊಸ ಕೊಡತಿಯಿಂದ ಸರಳು ಬಡಿದದ್ದಾಯಿತು, ಬೀಗ ಜಗ್ಗಿದ್ದಾಯಿತು, ಗ್ಯಾಸು ನೋಡಿದ್ದಾಯಿತು. ಎಲ್ಲ ಬರೋಬ್ಬರಿ ಇತ್ತು. ಅದನ್ನು ಅಕ್ಕೋರಿಗೆ ತಿಳಿಸುವ ದಾರಿ ಇರಲಿಲ್ಲ. ಅವರು ದಿನವಿಡೀ ಹೂವಿನೊಳಗೆ ಕುಳಿತು ಕರೆದೇ ಕರೆದರು, ಹಳದಿಯಾದರು, ಸಂಜೆಯ ಹೊತ್ತಿಗೆ ಮಾಲೆಯ ಸಂದಿಯಿಂದ ಕೆಂಪು ಬೆಳಕು ಕಾಣತೊಡಗಿತು. ಪೂಜೆಗೆ ಅದರಿಂದ ಒಳ್ಳೆಯ ಕಳೆ ಬಂದದ್ದು ಮಾತ್ರ ನಿಜ.

ದೀಪ ಹಚ್ಚುವ ಹೊತ್ತಿಗೆ ಕಚೇರಿಯ ಹಳೆಯ ಫೋನು ಹೊಡೆದುಕೊಂಡಿತು. ಕಲಬುರಗಿಯ ದೊಡ್ಡ ಸಾಹೇಬರು. ತಮ್ಮ ಗೋಡೆಯ ಮೇಲೆ ನಮ್ಮ ಊರು ಕೆಂಪಾಗಿದೆ, ಜೈಲಿನಲ್ಲಿ ಏನು ನಡೆದಿದೆ ಎಂದು ಕೇಳಿದರು. ನಾನು ನಡೆದದ್ದನ್ನು ಹೇಳಿದೆ. ಅವರ ಹಿಂದೆ ಯಾರೋ ಗಂಟೆ ಬಾರಿಸುತ್ತಿದ್ದರು. ಅವರ ಜೀಪಿಗೂ ಪೂಜೆ ನಡೆದಿತ್ತೆಂದು ಕಾಣುತ್ತದೆ. ಕೊನೆಗೆ ಅವರು, ಆದದ್ದು ಆಯಿತು, ನಾಳೆ ಎತ್ತಿದ ಕೂಡಲೇ ತಪ್ಪಿದ ತಪಾಸಣೆಗಳನ್ನೆಲ್ಲ ಮಾಡಿ ಹಸಿರು ಮಾಡಿ ಎಂದರು. ಫೋನು ಇಡುವ ಮುಂಚೆ ಇನ್ನೊಂದು ಮಾತು ಸೇರಿಸಿದರು: ಕೆಂಪು ಇರುವ ತನಕ ಆ ಜೈಲಿಗೆ ಮುಲಾಖತ್ತಿನ ಪಾಸು ಹೊರಬರುವುದಿಲ್ಲ, ಪಾಸು ಇಲ್ಲದೆ ಯಾರಿಗೂ ಮುಲಾಖತ್ ಕೊಡುವಂತಿಲ್ಲ.

ನನಗೆ ಆಗ ಮಲ್ಲಪ್ಪನ ನೆನಪಾಯಿತು. ಅಡಿಗೆಮನೆಯ ಕಡೆ ನೋಡಿದೆ. ಅವನು ಅಂದು ದಾಡಿ ಮಾಡಿಸಿಕೊಂಡು, ಹೊಳೆಯುವ ಗಲ್ಲ ಹೊತ್ತುಕೊಂಡು, ಒಲೆಯ ಮುಂದೆ ಕುಳಿತಿದ್ದ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಆ ಪೂಜಾರಿ ನಾನೇ ಆಗಿದ್ದೆ.

ಮರುದಿನ ಮುಂಜಾನೆ ಬಸಣ್ಣ ನೈವೇದ್ಯ ತೋರಿಸಿ, ಎಲ್ಲವನ್ನೂ ಕಣ್ಣಿಗೆ ಒತ್ತಿಕೊಂಡು ಒಂದೊಂದಾಗಿ ಇಳಿಸಿದ. ಅಕ್ಕೋರನ್ನು ನನ್ನ ಕೈಗೆ ಕೊಟ್ಟ. ಕಾಯಿಯ ನೀರು, ವಿಭೂತಿ, ಅರಿಸಿನ, ಕುಂಕುಮ ಎಲ್ಲ ಕೂಡಿ ಫೋನಿನ ಬೆನ್ನ ಮೇಲೆ ಒಣಗಿ, ಫೋಟೋ ತೆಗೆಯುವ ಕಣ್ಣಿನ ಮೇಲೆ ಕೆಂಪು ಪೊರೆ ಬಂದಿತ್ತು. ಬಸಣ್ಣ ಅದನ್ನು ತನ್ನ ಟವೆಲಿನಿಂದ ಒರೆಸಿದ. ಪೊರೆ ಮೊದಲು ನಡುವೆ ಮಾತ್ರ ಇದ್ದದ್ದು ಆಮೇಲೆ ಎಲ್ಲ ಕಡೆ ಸಮನಾಗಿ ಹರಡಿತು. ಪರದೆಯ ಮೇಲೆ ತಪ್ಪಿದ ತಪಾಸಣೆಗಳು ಒಂದರ ಕೆಳಗೊಂದು ನಿಂತಿದ್ದವು, ಬೆರಳಿನಿಂದ ಎಷ್ಟು ಮೇಲೆ ತಳ್ಳಿದರೂ ಮುಗಿಯಲೊಲ್ಲವು. ಒಂದೊಂದು ಫೋಟೋ ಹೋಗಲು ನೆಟ್‌ವರ್ಕು ಬೇಕು, ನಮ್ಮ ಕಲ್ಲಿನ ಗೋಡೆ ಕೈದಿಗಳನ್ನು ಹೊರಗೆ ಬಿಡದಷ್ಟೇ ನಿಷ್ಠೆಯಿಂದ ನೆಟ್‌ವರ್ಕನ್ನು ಒಳಗೆ ಬಿಡುವುದಿಲ್ಲ. ಲೆಕ್ಕ ಹಾಕಿದರೆ ಹಸಿರಾಗಲು ಸಂಜೆಯಾಗುವುದು ಖಚಿತ. ಉಳಿದ ಕೈದಿಗಳ ಮನೆಯವರು ಊಟ ಮುಗಿಸಿ ಸಂಜೆಗೇ ಬರುವವರು, ಅವರಿಗೆ ತೊಂದರೆಯಿಲ್ಲ. ಮಲ್ಲಪ್ಪನಿಗೆ ಸಂಜೆ ಎಂಬುದು ಇರಲಿಲ್ಲ.

ಅಷ್ಟರಲ್ಲಿ ಚಾಂದಸಾಬ್ ಬಂದು ಮಹಾದೇವಿ ಬಂದಿದ್ದಾಳೆಂದು ಹೇಳಿದ. ಹೊರಗೆ ಬೇವಿನ ಗಿಡದ ಕಟ್ಟೆಯ ಮೇಲೆ ತಾಯಿಯ ಜೊತೆ ಕುಳಿತಿದ್ದಳು. ಹೊಸ ಸೀರೆಯ ಸೆರಗಿನಲ್ಲಿ ಕೂಸು, ಪಕ್ಕದಲ್ಲಿ ಕರಿಗಡಬಿನ ಗಂಟು, ಕಾಲ ಬುಡದಲ್ಲಿ ಸೊಲ್ಲಾಪುರದ ಚೀಲ. ನಾನು ಹೋಗಿ ಪಾಸಿನ ತೊಂದರೆ ಹೇಳಿದೆ. ಅವಳು ಅಳಲಿಲ್ಲ, ಜಗಳಕ್ಕೂ ಬರಲಿಲ್ಲ. ಕೂಸಿನ ಮುಖದ ಮೇಲಿನ ಸೆರಗು ಸರಿಸಿ, "ಅಪ್ಪ ಮುಖಾ ನೋಡಿದ ಮ್ಯಾಲೇ ತೊಟ್ಟಲಕ್ಕ ಹಾಕೂದಂತ ಅಂದೀನ್ರಿ. ಇನ್ನೂ ಹೆಸರಿಟ್ಟಿಲ್ಲ" ಎಂದಳು, ನನಗಲ್ಲ, ತನಗೇ ಹೇಳಿಕೊಂಡ ಹಾಗೆ. ನಾನು ಕಾನೂನಿನ ಮಾತು ಇನ್ನೊಂದೆರಡು ಹೇಳಬೇಕೆಂದು ಬಾಯಿ ತೆರೆದವನು ಹಾಗೇ ಒಳಗೆ ಬಂದೆ.

ಇಡೀ ಸರ್ವಿಸಿನಲ್ಲಿ ನಾನು ನಿಯಮ ಮುರಿದವನಲ್ಲ. ಅದು ಪ್ರಾಮಾಣಿಕತೆ ಎಂದು ಬೀಳ್ಕೊಡುಗೆ ಭಾಷಣಗಳಲ್ಲಿ ಹೇಳುತ್ತಾರೆ. ಅದು ಅಂಜಿಕೆ ಎಂದು ನನಗೂ ನಮ್ಮ ಮನೆಯವರಿಗೂ ಗೊತ್ತು. ಪಾಸಿಲ್ಲದೆ ಮುಲಾಖತ್ ಕೊಡುವ ಧೈರ್ಯ ನನಗಿರಲಿಲ್ಲ. ಕೊಡದೆ ಆ ಅಡಿಗೆಮನೆಯ ಮುಂದೆ ಹಾದುಹೋಗುವ ಧೈರ್ಯವೂ ಇರಲಿಲ್ಲ. ಏನು ಮಾಡಲೂ ತೋಚದೆ, ಮೊದಲ ಸಲ ಅಕ್ಕೋರ ಪಟ್ಟಿಯನ್ನು ಸಾವಕಾಶವಾಗಿ ಓದುತ್ತಾ ಹೋದೆ. ಸರಳು. ಬೀಗ. ಟಾಕಿ. ಗ್ಯಾಸು. ಎಲ್ಲಕ್ಕಿಂತ ಕೆಳಗೆ, ಮುಲಾಖತ್ ಕೋಣೆ. ಅದರ ಮೇಲೆ ಬೆರಳಿಟ್ಟಾಗ ಸೂಚನೆ ತೆರೆದುಕೊಂಡಿತು. ನಾನು ಅದನ್ನು ಗಟ್ಟಿಯಾಗಿ ಓದಿದೆ: ಜಾಲರಿಯ ಎರಡೂ ಬದಿಗೆ ಒಬ್ಬೊಬ್ಬರನ್ನು ನಿಲ್ಲಿಸಿ, ಪರಸ್ಪರ ಮುಖ ಕಾಣುತ್ತದೆಯೇ, ಮಾತು ಕೇಳುತ್ತದೆಯೇ ಪರಿಶೀಲಿಸಿ.

ಬಸಣ್ಣ ತನ್ನ ಬೂಟು ನೋಡುತ್ತಿದ್ದ. ಚಾಂದಸಾಬ್ ಮಾತ್ರ, ಅತ್ಯಂತ ವಿನಯದಿಂದ, "ಒಳಗಿನ ಬಾಜೂ ಯಾರ್ನ ನಿಂದ್ರಸ್ಲಿರಿ ಸಾಬ್?" ಎಂದು ಕೇಳಿದ.

"ಅಡಿಗಿಮನ್ಯಾಗ ಯಾರರ ಖಾಲಿ ಅದಾರೇನು ನೋಡು," ಎಂದೆ. "ಹೊರಗಿನ ಬಾಜೂಕ ಕಟ್ಟೀ ಮ್ಯಾಲ ಯಾರರ ಇದ್ರ ಕರಿ."

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ನಮ್ಮ ಹಿರಿಯರು ಹೇಳಿದ್ದು ಬಹುಶಃ ಸರಕಾರಿ ನೌಕರರಿಗಾಗಿಯೇ. ಮಲ್ಲಪ್ಪ ಕೈಗೆ ಹತ್ತಿದ ಹಿಟ್ಟನ್ನೂ ತೊಳೆಯದೆ ಬಂದ. ಮಹಾದೇವಿ ತಾಯಿಯ ಜೊತೆ ಆ ಕಡೆಯಿಂದ ಬಂದು ಕೂಸಿನ ಮುಖವನ್ನು ಜಾಲರಿಯ ಹತ್ತಿರ ತಂದಳು. ನಾನು ಅಧಿಕಾರಿಯ ದನಿಯಲ್ಲಿ, ಮುಖ ಕಾಣುತ್ತದೆಯೇ ಎಂದು ಕೇಳಿದೆ. ಅವನು ತಲೆಯಾಡಿಸಿದ. ಮಾತು ಕೇಳುತ್ತದೆಯೇ ಎಂದೆ. ಇಬ್ಬರೂ ಮಾತೇ ಆಡುತ್ತಿರಲಿಲ್ಲ, ಕೇಳುವುದಾದರೂ ಹೇಗೆ. ಕೂಸು ಆಗ ಸಣ್ಣಗೆ ಚೀರಿತು. "ಕೇಳ್ತದ್ರಿ," ಅಂದ ಮಲ್ಲಪ್ಪ.

ನಾನು ಫೋಟೋ ತೆಗೆದೆ. ಅಕ್ಕೋರು ಪರೀಕ್ಷಿಸಿ ಹೇಳಿದರು: "ಚಿತ್ರ ಸ್ಪಷ್ಟವಾಗಿಲ್ಲ. ದಯವಿಟ್ಟು ಮತ್ತೊಮ್ಮೆ ಪರಿಶೀಲಿಸಿ." ಮತ್ತೊಮ್ಮೆ ಪರಿಶೀಲಿಸಿದೆವು. ಮತ್ತೆ ಸ್ಪಷ್ಟವಾಗಿಲ್ಲ. ಕುಂಕುಮದ ಪೊರೆಯಲ್ಲಿ ಗಂಡ, ಹೆಂಡತಿ, ಜಾಲರಿ ಎಲ್ಲ ಒಂದೇ ಬಣ್ಣವಾಗಿ ಬರುತ್ತಿದ್ದವು. ಚಾಂದಸಾಬ್ ಒದ್ದೆ ಬಟ್ಟೆ ತಂದು ಒರೆಸಲು ಬಂದ. ಇರಲಿ ಬಿಡು, ಅವಸರವೇನು ಎಂದೆ. ಅಕ್ಕೋರು ಮತ್ತೊಮ್ಮೆ ಎಂದಾಗಲೆಲ್ಲ ಮೈ ಉರಿಯುತ್ತಿದ್ದವನು ನಾನು. ಅಂದು ಆ ಮಾತು ಕಿವಿಗೆ ಹಿತವಾಗಿತ್ತು. ಅವರು ಬೇಡ ಎಂದಷ್ಟೂ ಸಲ ನಾವು ಮೊದಲಿನಿಂದ ಪರಿಶೀಲಿಸಿದೆವು. ಜಾಲರಿಯ ಆಚೆ ಈಚೆ ನಿಂತವರು ಈಗ ಮಾತಿಗೆ ಹತ್ತಿದ್ದರು. ಮೂಗು ಯಾರದು, ಹಟ ಯಾರದು, ಹಾಲು ಕುಡಿಯುತ್ತಾಳೋ, ಮಲಗುತ್ತಾಳೋ. ನಾನು ಕೇಳಿಸದವನಂತೆ ಗೋಡೆಯ ಸುಣ್ಣ ನೋಡಿದೆ.

ಕೊನೆಗೆ ಒದ್ದೆ ಬಟ್ಟೆಯಿಂದ ಒರೆಸಿ ಒಂದು ಫೋಟೋ ಕಳಿಸಿದೆ. ಅಕ್ಕೋರು ಒಪ್ಪಿ, ಅದೇ ಕೋಣೆಯ ಮುಂದಿನ ಅಂಶಕ್ಕೆ ಹೋದರು: ಸಾಮಾನು ಕೊಡುವ ಕಿಟಕಿ ಸುಲಭವಾಗಿ ತೆರೆದು ಮುಚ್ಚುತ್ತದೆಯೇ, ಏನನ್ನಾದರೂ ಆಚೆಯಿಂದ ಈಚೆಗೆ ದಾಟಿಸಿ ನೋಡಿ. ಜಾಲರಿಯ ನಡುವೆ ಊಟದ ಡಬ್ಬಿ, ಬಟ್ಟೆ ಕೊಡಲು ಒಂದು ಸಣ್ಣ ಬಾಗಿಲಿದೆ. ಮಹಾದೇವಿ ಕರಿಗಡಬಿನ ಗಂಟನ್ನು ಬಿಚ್ಚಿ ಬಸಣ್ಣನಿಗೆ ತೋರಿಸಿ ದಾಟಿಸಿದಳು. ಬಾಗಿಲು ಸುಲಭವಾಗಿಯೇ ತೆರೆಯಿತು. ಅಲ್ಲಿಗೆ ನನ್ನ ಕೆಲಸ ಮುಗಿದಿತ್ತು. ನನ್ನ ಬಾಯಿ ಮಾತ್ರ ಮುಗಿಸಲಿಲ್ಲ.

"ಗಂಟು ಭಾಳ ಸಣ್ಣದಾತವ್ವ. ಅದಕ್ಕಿಂತ ಸ್ವಲ್ಪ ದೊಡ್ಡದು ಏನರ ಇದ್ರ ನೋಡು."

ಅವಳು ನನ್ನನ್ನು ನೋಡಿದಳು. ಆಮೇಲೆ ಸೆರಗಿನೊಳಗೆ ನೋಡಿದಳು. ಅವಳ ತಾಯಿ ಕೂಸಿಗೆ ಸುತ್ತಿದ ದುಪಟಿಯನ್ನು ಬಿಚ್ಚಿ ತೋರಿಸಿ, ಮತ್ತೆ ಸುತ್ತಿ, ಎರಡೂ ಕೈಯಲ್ಲಿ ಆ ಸಣ್ಣ ಬಾಗಿಲಿನಿಂದ ದಾಟಿಸಿದಳು. ಮಲ್ಲಪ್ಪ ಹಿಟ್ಟಿನ ಕೈಗಳನ್ನು ಅಂಗಿಗೆ ಒರೆಸಿಕೊಂಡು, ತವೆಯಿಂದ ರೊಟ್ಟಿ ಇಳಿಸಿಕೊಳ್ಳುವವನಂತೆ ಅಂಗೈ ಅಗಲಿಸಿ ಕೂಸನ್ನು ಇಸಿದುಕೊಂಡ. ಆಮೇಲೆ, "ಎಷ್ಟು ಹಗುರ ಅದಾಳ" ಎಂದ.

"ಹೆರೂ ಮುಂದ ಹಗುರ ಇರಲಿಲ್ಲ," ಎಂದಳು ಮಹಾದೇವಿ.

ಬಸಣ್ಣ ನಕ್ಕ. ಮಲ್ಲಪ್ಪನೂ ನಕ್ಕ, ನಗುತ್ತಲೇ ಅವನ ಕಣ್ಣಿನಿಂದ ನೀರು ಇಳಿದು ಕೂಸಿನ ದುಪಟಿಯ ಮೇಲೆ ಬಿತ್ತು. ನನಗೆ ಆ ಗಳಿಗೆಯಲ್ಲಿ ಆದಷ್ಟು ಸಂತೋಷ ಪ್ರಮೋಷನ್ನಿನ ದಿನವೂ ಆಗಿರಲಿಲ್ಲ. ಅದು ಮುಖದ ಮೇಲೆ ಕಾಣದಿರಲೆಂದು ಫೋನು ಮುಂದೆ ಹಿಡಿದುಕೊಂಡು ಕಿಟಕಿಯ ಫೋಟೋ ತೆಗೆದೆ. ಅದು ಮೊದಲ ಸಲಕ್ಕೇ ಸ್ಪಷ್ಟವಾಗಿ ಬಂತು.

ಬಸ್ಸಿನ ಹೊತ್ತಾಯಿತು. ಕೂಸು ಬಂದ ದಾರಿಯಿಂದಲೇ ಹಿಂದಕ್ಕೆ ಹೋಯಿತು. ಮಹಾದೇವಿ ಹೊರಡುವ ಮುಂಚೆ ನನ್ನ ಮುಂದೆ ನಿಂತು ನನ್ನ ಉಪಕಾರದ ಮಾತು ತೆಗೆದಳು. ಆಗ ನನ್ನೊಳಗಿನ ಅಂಜುಬುರುಕ ಎಚ್ಚರಾದ. ಈಕೆ ಬಸ್ಸಿನಲ್ಲಿ ನಾಲ್ಕು ಜನರಿಗೆ ಹೇಳಿದರೆ, ಅವರು ಇನ್ನು ನಾಲ್ಕು ಜನರಿಗೆ ಹೇಳಿದರೆ, ಕಲಬುರಗಿ ಎಷ್ಟು ದೂರ. ಅದಕ್ಕೆ ಗಡಿಬಿಡಿಯಲ್ಲಿ, "ಇದ್ರಾಗ ನಂದೇನೂ ಇಲ್ಲವ್ವ. ಅಕ್ಕೋರು ಹೇಳಿದ್ರು, ನಾ ಮಾಡೀನಿ" ಎಂದುಬಿಟ್ಟೆ. ಅವಳು ಸುತ್ತ ನೋಡಿ, ಯಾರೂ ಕಾಣದೆ, ಗಾಳಿಗೇ ಒಮ್ಮೆ ಕೈ ಮುಗಿದು ಹೋದಳು.

ಸಂಜೆಗೆ ಎಲ್ಲ ಹಸಿರಾಯಿತು. ಉಳಿದವರಿಗೆ ಪಾಸು ಬಂತು, ಮುಲಾಖತ್ ಆಯಿತು. ಆಮೇಲೆ ದೊಡ್ಡ ಸಾಹೇಬರ ಕರೆ. ಮುಲಾಖತ್ ಕೋಣೆಯ ತಪಾಸಣೆಗೆ ನಾವು ತೆಗೆದುಕೊಂಡಷ್ಟು ಹೊತ್ತು ಯಾವ ಜೈಲಿನಲ್ಲೂ ತೆಗೆದುಕೊಂಡಿಲ್ಲವಂತೆ. ಕೋಣೆಯಲ್ಲಿ ಏನಾದರೂ ದೋಷವಿದೆಯೇ ಎಂದು ಕೇಳಿದರು. ಇಲ್ಲ ಎಂದೆ. ಕಿಟಕಿಯ ಫೋಟೋದ ಮೂಲೆಯಲ್ಲಿ ಒಂದು ಸಣ್ಣ ಕಾಲು ಕಾಣುತ್ತದಲ್ಲ, ಅದೇನು ಎಂದರು. ಕಿಟಕಿ ಸುಲಭವಾಗಿ ತೆರೆಯುತ್ತದೆ ಎಂದೆ. "ಮುಂದಿನ ಸಲ ಫೋಟೋ ತೆಗ್ಯೂ ಮುಂದ ಕಾಲು ಬರದಂಗ ನೋಡಕೋರಿ," ಎಂದು ಫೋನಿಟ್ಟರು. ತಿಂಗಳೊಪ್ಪತ್ತಿನಲ್ಲಿ, ತಪಾಸಣೆಯ ಫೋನುಗಳನ್ನು ಯಾವುದೇ ಪೂಜೆಗೆ ಇಡತಕ್ಕದ್ದಲ್ಲ ಎಂದು ಎಲ್ಲ ಜೈಲುಗಳಿಗೆ ಒಂದು ಸುತ್ತೋಲೆ ಬಂತು. ಇಷ್ಟು ವರ್ಷದ ಸೇವೆಯಲ್ಲಿ ಇಲಾಖೆಯ ನಿಯಮಗಳಿಗೆ ನನ್ನ ಕೊಡುಗೆ ಅದೊಂದೇ ಸಾಲು.

ಸಂಕ್ರಾಂತಿ ಮುಗಿದ ಮೇಲೆ ಮಲ್ಲಪ್ಪನಿಗೆ ಜಾಮೀನಾಯಿತು. ದಾಯಾದಿಯೇ ಬಂದು ರಾಜಿಯ ಮಾತಾಡಿದ್ದನಂತೆ. ಬಿಡುಗಡೆಯ ದಿನ ಮಹಾದೇವಿ ಕೂಸಿನ ಜೊತೆ ಅವನನ್ನು ಕರೆದೊಯ್ಯಲು ಬಂದಳು. ಮಲ್ಲಪ್ಪ ಹೊರಗೆ ಬಂದು ಕೂಸನ್ನು ಬಾಗಿಲಲ್ಲೇ ಎತ್ತಿಕೊಂಡ, ಯಾವ ಕಿಟಕಿಯೂ ಬೇಕಾಗಲಿಲ್ಲ. ನಾನು ಅಂಗಿ ಸರಿಮಾಡಿಕೊಂಡು, ಬೇಡ ಬೇಡ ಎನ್ನುವ ಮುಖಭಾವ ಸಿದ್ಧ ಮಾಡಿಕೊಂಡು, ಸ್ವಲ್ಪ ಮುಂದೆ ಬಂದು ನಿಂತೆ. ಮಹಾದೇವಿ ಚೀಲದಿಂದ ಒಂದು ತಾಟು ತೆಗೆದಳು. ಅದರಲ್ಲಿ ಅಕ್ಕಿ, ಕಾಯಿ, ಎಲೆ ಅಡಿಕೆ, ಕೆಂಪಂಚಿನ ಹಸಿರು ಖಣ. ನನ್ನನ್ನು ದಾಟಿ ಒಳಗೆ ಇಣುಕಿ ನೋಡಿ, "ಅಕ್ಕೋರು ಎಲ್ಲಿ ಅದಾರ್ರಿ? ಅವರಿಗಿ ಉಡಿ ತುಂಬೂದದ" ಎಂದಳು.

ಬಸಣ್ಣ ಗೋಡೆಯ ಕಡೆ ತಿರುಗಿ ನಿಂತ. ಅವನ ಬೆನ್ನು ಅಲುಗುತ್ತಿತ್ತು. ಅಕ್ಕೋರು ಎಂಬವರು ಯಾರೂ ಇಲ್ಲ ಎಂದರೆ, ಹಾಗಾದರೆ ಅಂದು ಹೇಳಿದವರು ಯಾರು ಎಂಬ ಪ್ರಶ್ನೆ ಬರುತ್ತದೆ. ನಾನೇ ಎಂದು ಹೇಳಲು ನಾಲಿಗೆ ತುದಿಯವರೆಗೆ ಬಂದಿತ್ತು. ಅದರ ಹಿಂದೆಯೇ ಸುತ್ತೋಲೆಯೂ ನೆನಪಿಗೆ ಬಂತು. ಚಾಂದಸಾಬ್ ಗಂಭೀರವಾಗಿ, ಅಕ್ಕೋರು ಬೇರೆ ಕಡೆ ತಪಾಸಣೆಗೆ ಹೋಗಿದ್ದಾರೆ, ಅವರದೆಲ್ಲ ಸಾಹೇಬರೇ ಇಸಿದುಕೊಳ್ಳುತ್ತಾರೆ ಎಂದು ಹೇಳಿಬಿಟ್ಟ. ಹೀಗಾಗಿ ನಾನು, ಖಾಕಿ ತೊಟ್ಟು, ಸೊಂಟಕ್ಕೆ ಬೆಲ್ಟು ಬಿಗಿದು, ಜೈಲಿನ ಹೊರಬಾಗಿಲಿನಲ್ಲಿ ಕರವಸ್ತ್ರ ಹಾಸಿ ಹಿಡಿದು ನಿಂತೆ. ಮಹಾದೇವಿ ಶ್ರದ್ಧೆಯಿಂದ ಅದರಲ್ಲಿ ಉಡಿ ತುಂಬಿದಳು.

ಅದೇ ಹೊತ್ತಿಗೆ ನನ್ನ ಎದೆಯ ಜೇಬಿನಿಂದ ದನಿ ಬಂತು: ದಯವಿಟ್ಟು ತಪಾಸಣೆ ಕೈಗೊಳ್ಳಿ. ಅಂದು ಕೇಳಿದ ದನಿಯೇ ಎಂದು ಮಹಾದೇವಿಯ ಮುಖ ಅರಳಿತು. ತಲೆಯ ಮೇಲೆ ಸೆರಗು ಹೊದ್ದು, ಬಾಗಿ, ನನ್ನ ಜೇಬಿಗೆ ನಮಸ್ಕಾರ ಮಾಡಿದಳು. ಮಲ್ಲಪ್ಪ ಕೂಸಿನ ಎರಡೂ ಅಂಗೈ ಕೂಡಿಸಿ, ಅದರಿಂದಲೂ ಜೇಬಿಗೇ ಮಾಡಿಸಿದ. ಜೇಬಿನ ಹಿಂದೆ ಇದ್ದವನ ಕಡೆ ನೋಡುವ ಅಗತ್ಯ ಯಾರಿಗೂ ಕಾಣಲಿಲ್ಲ. ನಾನು ಒಂದು ಕೈಯಲ್ಲಿ ಉಡಿಯಕ್ಕಿ, ಇನ್ನೊಂದು ಕೈಯಲ್ಲಿ ಕೊಡತಿ ಹಿಡಿದುಕೊಂಡು ಸರಳು ಬಡಿಯಲು ಹೋದೆ.